ಮನೆಯ ಮೀನುತೊಟ್ಟಿಯಲ್ಲಿ ಯಾರಿಗೆ ಯಾರು ಜೊತೆ?

ಅಲಂಕಾರಿಕ ಮೀನುಗಳ ಅಂಗಡಿಗೆ ಹೋದವರು ಮೊದಲು ನೋಡುವುದು ಬಣ್ಣವನ್ನು. ಕೆಂಪಗೆ ಹೊಳೆಯುವ ಎರಡು ಗೋಲ್ಡ್‌ಫಿಶ್, ನೀಲಿ ಪಟ್ಟೆಯ ನಾಲ್ಕು ನಿಯಾನ್ ಟೆಟ್ರಾ, ಉದ್ದ ಬಾಲದ ಗಪ್ಪಿ ಒಂದು ಜೋಡಿ, ರೆಕ್ಕೆ ಬಿಚ್ಚಿ ನಿಂತ ಒಂದು ಫೈಟರ್, ಗಾಜಿನ ಪಾಚಿ ತಿನ್ನಲೆಂದು ಒಂದು ಸಕ್ಕರ್. ಎಲ್ಲವೂ ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮನೆಗೆ ಬರುತ್ತವೆ. ಎರಡು ಮೂರು ವಾರ ಕಳೆಯುವುದರೊಳಗೆ ಅರ್ಧಕ್ಕರ್ಧ ಸತ್ತಿರುತ್ತವೆ. ಈ ಮೀನುಗಳೇ ಹೀಗೆ, ಬಹಳ ನಾಜೂಕು ಎಂದು ಮನೆಯವರು ತೀರ್ಮಾನಿಸುತ್ತಾರೆ. ಶಾಲೆಗಳ ವಿಜ್ಞಾನ ಕೊಠಡಿಯ ಮೂಲೆಯಲ್ಲಿ ಧೂಳು ಹಿಡಿದು ಕುಳಿತಿರುವ ಎಷ್ಟೋ ಖಾಲಿ ಗಾಜಿನ ತೊಟ್ಟಿಗಳ ಹಿಂದೆಯೂ ಇಂಥದೇ ಕಥೆ ಇರುತ್ತದೆ.

ಮೇಲಿನ ಪಟ್ಟಿಯ ಮೀನುಗಳನ್ನು ಬಿಡಿಬಿಡಿಯಾಗಿ, ಅದರದರ ಅಗತ್ಯಕ್ಕೆ ತಕ್ಕಂತೆ ಸಾಕಿದರೆ ವರ್ಷಗಟ್ಟಲೆ ಬದುಕುತ್ತವೆ. ದೋಷವಿರುವುದು ಅವನ್ನು ಒಂದೆಡೆ ಸೇರಿಸಿದ್ದರಲ್ಲಿ. ಹಲವು ಪ್ರಭೇದಗಳನ್ನು ಒಟ್ಟಿಗೆ ಸಾಕುವ ತೊಟ್ಟಿಗೆ ಸಮುದಾಯ ಅಕ್ವೇರಿಯಂ ಎಂದು ಹೆಸರು. ಇಂಥ ತೊಟ್ಟಿಯಲ್ಲಿ ಹೊಂದಾಣಿಕೆ ಎಂದರೆ ಜಗಳವಾಡದೆ ಇರುವುದು ಎಂದಷ್ಟೇ ನಾವು ತಿಳಿಯುತ್ತೇವೆ. ಜಗಳದ ಪ್ರಶ್ನೆ ಬರುವುದು ಆಮೇಲೆ. ಒಂದೇ ತೊಟ್ಟಿಯ ಮೀನುಗಳು ಮೊದಲು ಹಂಚಿಕೊಳ್ಳುವುದು ನೀರನ್ನು. ಆ ನೀರಿನ ಆಕ್ಸಿಜನ್, ತಾಪ, ಲವಣ, ಆಮ್ಲೀಯತೆ, ಕೊನೆಗೆ ಪರಸ್ಪರರ ಮಲಮೂತ್ರ, ಇವೆಲ್ಲವೂ ಎಲ್ಲರಿಗೂ ಸಮಪಾಲು. ಹಾಗಾಗಿ ಮೀನು ಆರಿಸುವ ಕೆಲಸ ಶುರುವಾಗಬೇಕಾದ್ದು ಅಂಗಡಿಯಲ್ಲಲ್ಲ, ನಿಮ್ಮ ಮನೆಯ ನಲ್ಲಿಯ ಬಳಿ. ಭೌತವಿಜ್ಞಾನ ಕಲಿಸುವ ನನ್ನಂಥವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಪಠ್ಯದಲ್ಲಿ ಬಿಡಿಬಿಡಿಯಾಗಿ ಬರುವ ಕರಗುವಿಕೆ, ಉಷ್ಣಧಾರಕತೆ, ಪಿಎಚ್ ಎಲ್ಲವೂ ಎರಡು ಅಡಿ ಗಾಜಿನೊಳಗೆ ಒಟ್ಟಿಗೆ ಸಿಗುತ್ತವೆ.

ನೀರಿನ ಉಸಿರು

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಕ್ಸಿಜನ್ ಇರುತ್ತದೆ. ಅದೇ ತಾಪದಲ್ಲಿ, ಸಮುದ್ರಮಟ್ಟದಲ್ಲಿ, ಒಂದು ಲೀಟರ್ ಸಿಹಿನೀರಿನಲ್ಲಿ ಕರಗಿ ನಿಲ್ಲಬಲ್ಲ ಆಕ್ಸಿಜನ್ ಕೇವಲ 8.3 ಮಿಲಿಗ್ರಾಂ. ಗಾಳಿಯಲ್ಲಿರುವುದರ ಮೂವತ್ತರಲ್ಲಿ ಒಂದು ಪಾಲೂ ಇಲ್ಲ. ನೀರು ಬಿಸಿಯಾದಂತೆ ಇದು ಮತ್ತೂ ಕುಗ್ಗುತ್ತದೆ: 20 ಡಿಗ್ರಿಯಲ್ಲಿ 9.1 ಮಿಲಿಗ್ರಾಂ, 30 ಡಿಗ್ರಿಯಲ್ಲಿ 7.5. ಇತ್ತ ಮೀನು ಶೀತರಕ್ತದ ಪ್ರಾಣಿ. ತಾಪ 10 ಡಿಗ್ರಿ ಏರಿದರೆ ಅದರ ದೇಹದ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬೇಸಿಗೆಯಲ್ಲಿ ಬೇಡಿಕೆ ಏರುತ್ತದೆ, ಪೂರೈಕೆ ಇಳಿಯುತ್ತದೆ.

ವಾಯುವಿನ ಒತ್ತಡವೂ ಲೆಕ್ಕಕ್ಕೆ ಬರುತ್ತದೆ. ಹೆನ್ರಿಯ ನಿಯಮದ ಪ್ರಕಾರ ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಅದರ ಆಂಶಿಕ ಒತ್ತಡಕ್ಕೆ ಅನುಪಾತದಲ್ಲಿರುತ್ತದೆ. ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಶೇಕಡಾ 10ರಷ್ಟು ಕಡಿಮೆ. ಹಾಗಾಗಿ ಬೆಂಗಳೂರಿನ 25 ಡಿಗ್ರಿಯ ನೀರೂ ಮಂಗಳೂರಿನ 30 ಡಿಗ್ರಿಯ ನೀರೂ ಹಿಡಿದಿಡುವ ಆಕ್ಸಿಜನ್ ಹೆಚ್ಚುಕಡಿಮೆ ಒಂದೇ, ಲೀಟರಿಗೆ ಏಳೂವರೆ ಮಿಲಿಗ್ರಾಂ. ತಂಪು ಊರಿನವರು ನಿಶ್ಚಿಂತರಾಗಿರಬಹುದು ಎಂಬುದು ಅಷ್ಟು ನಿಜವಲ್ಲ.

ಈ ಆಕ್ಸಿಜನ್ ನೀರಿನೊಳಕ್ಕೆ ಇಳಿಯುವುದು ಮೇಲ್ಮೈಯಿಂದ. ಆದ್ದರಿಂದ ತೊಟ್ಟಿಯಲ್ಲಿ ಎಷ್ಟು ಲೀಟರ್ ಹಿಡಿಯುತ್ತದೆ ಎಂಬುದರಷ್ಟೇ, ಬಾಯಿ ಎಷ್ಟು ಅಗಲ ಎಂಬುದೂ ಮುಖ್ಯ. ಅಂಗಡಿಗಳಲ್ಲಿ ಸಿಗುವ ಗೋಳಾಕಾರದ ಗಾಜಿನ ಬೋಗುಣಿಯನ್ನೇ ತೆಗೆದುಕೊಳ್ಳಿ. ಅದರ ವ್ಯಾಸ 30 ಸೆಂ.ಮೀ., ಬಾಯಿಯ ವ್ಯಾಸ 15 ಸೆಂ.ಮೀ. ಎಂದಿರಲಿ. ಅರ್ಧ ತುಂಬಿಸಿದರೆ 7 ಲೀಟರ್ ನೀರು, ಮೇಲ್ಮೈ ಸುಮಾರು 700 ಚದರ ಸೆಂ.ಮೀ. ಚೆನ್ನಾಗಿರಲೆಂದು ಬಾಯಿಯವರೆಗೆ ತುಂಬಿಸಿದರೆ ನೀರು 14 ಲೀಟರ್ ಆಗುತ್ತದೆ, ಮೇಲ್ಮೈ ಮಾತ್ರ 177 ಚದರ ಸೆಂ.ಮೀ.ಗೆ ಇಳಿಯುತ್ತದೆ. ನೀರು ಇಮ್ಮಡಿಯಾಯಿತು, ಗಾಳಿಯಾಡುವ ಕಿಟಕಿ ಕಾಲುಭಾಗವಾಯಿತು! ಗೋಲ್ಡ್‌ಫಿಶ್ ಬೋಗುಣಿಯ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅದು ಹಸಿವಿನ ಸೂಚನೆ ಎಂದು ಮಕ್ಕಳು ಇನ್ನಷ್ಟು ತಿಂಡಿ ಹಾಕುತ್ತಾರೆ. ಹಲವು ಬಾರಿ ಅದು ಉಸಿರಿಗಾಗಿ ಬಂದಿರುತ್ತದೆ.

ನಮ್ಮಲ್ಲಿ ಸುಲಭವಾಗಿ ಸಿಗುವ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಆಯತಾಕಾರದ ತೊಟ್ಟಿಯ ಮೇಲ್ಮೈ 1,860 ಚದರ ಸೆಂ.ಮೀ. ಮರಳು, ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 45 ಲೀಟರ್ ನೀರು. ಈ ಲೇಖನದ ಮುಂದಿನ ಮಾತೆಲ್ಲ ಇಂಥ ತೊಟ್ಟಿಯನ್ನು ಕುರಿತದ್ದು. ಏರ್ ಪಂಪ್ ಹಾಕಿದರೆ ಮೀನು ಹೆಚ್ಚು ಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಪಂಪಿನ ಗುಳ್ಳೆಗಳು ಮುಖ್ಯವಾಗಿ ಮಾಡುವ ಕೆಲಸ ಮೇಲ್ಮೈಯನ್ನು ಕಲಕುವುದು, ತಳದ ನೀರನ್ನು ಮೇಲೆ ತರುವುದು. ಅದು ಉಪಯುಕ್ತವೇ. ಆದರೆ ನಮ್ಮ ಊರುಗಳಲ್ಲಿ ವಿದ್ಯುತ್ ಹೋಗುವುದು ಹೇಳಿ ಕೇಳಿ ಅಲ್ಲ. ಪಂಪ್ ನಿಂತರೂ ಒಂದು ರಾತ್ರಿ ಕಳೆಯಬಲ್ಲಷ್ಟು ಮೀನುಗಳನ್ನು ಮಾತ್ರ ಇಟ್ಟುಕೊಳ್ಳುವುದು ನನಗೆ ಸರಿ ಕಂಡ ನಿಯಮ.

ಹಾಗಾದರೆ ಎಷ್ಟು ಮೀನು? ಒಂದು ಗ್ಯಾಲನ್ ನೀರಿಗೆ ಒಂದು ಇಂಚು ಮೀನು ಎಂಬ ಹಳೆಯ ಸೂತ್ರವೊಂದು ಬಳಕೆಯಲ್ಲಿದೆ. ಸಣ್ಣ ಮೀನುಗಳಿಗೆ ಇದು ಒರಟು ಅಂದಾಜಾಗಿ ನಡೆಯುತ್ತದೆ. ದೊಡ್ಡವಕ್ಕೆ ಅನ್ವಯಿಸಿದರೆ ಅನರ್ಥ. 3 ಸೆಂ.ಮೀ. ಉದ್ದದ ಐದು ಮೀನುಗಳೂ 15 ಸೆಂ.ಮೀ. ಉದ್ದದ ಒಂದು ಮೀನೂ ಈ ಸೂತ್ರದ ಕಣ್ಣಿಗೆ ಸಮಾನ. ಆದರೆ ಒಂದೇ ಆಕಾರದ ಮೀನುಗಳಲ್ಲಿ ರಾಶಿ ಉದ್ದದ ಘನಕ್ಕೆ ಅನುಪಾತದಲ್ಲಿರುತ್ತದೆ. ಉದ್ದ 5 ಪಟ್ಟಾದರೆ ರಾಶಿ 125 ಪಟ್ಟು. ಆಕ್ಸಿಜನ್ ಬಳಕೆ ರಾಶಿಯಷ್ಟೇ ವೇಗವಾಗಿ ಏರುವುದಿಲ್ಲ, ಸುಮಾರಾಗಿ ರಾಶಿಯ 0.8ನೆಯ ಘಾತದಂತೆ ಏರುತ್ತದೆ. ಆ ಲೆಕ್ಕದಲ್ಲೂ ದೊಡ್ಡ ಮೀನೊಂದು ಬಳಸುವುದು ಸುಮಾರು 48 ಸಣ್ಣ ಮೀನುಗಳ ಪಾಲನ್ನು. ಸಕ್ಕರ್ ಎಂದು ಮಾರುವ ಮೀನು ಸಾಮಾನ್ಯವಾಗಿ ದಕ್ಷಿಣ ಅಮೆರಿಕದ ಪ್ಲೆಕೊ ಜಾತಿಯದು. ಕೊಳ್ಳುವಾಗ ಬೆರಳುದ್ದ, ಬೆಳೆದಾಗ ಒಂದಡಿಗೂ ಮಿಗಿಲು. ತೊಟ್ಟಿ ಶುಚಿ ಮಾಡಲೆಂದು ತಂದದ್ದೇ ಅತಿ ಹೆಚ್ಚು ಕೊಳೆ ಮಾಡುವ ಸದಸ್ಯನಾಗುತ್ತದೆ. ಮೀನು ಆರಿಸುವಾಗ ಕೇಳಬೇಕಾದ ಅಳತೆ ಬೆಳೆದ ಮೇಲಿನದು. ಅಂಗಡಿಯಲ್ಲಿ ಇರುವ ಮೀನುಗಳು ಬಹುಪಾಲು ಮರಿಗಳು ಎಂಬುದನ್ನು ನೆನಪಿಡಿ. ಅದೃಷ್ಟ ತರುವ ವಾಸ್ತು ಮೀನು ಎಂದು ಮಾರುವ ಅರೋವಾನಾ ಎರಡು ಮೂರು ಅಡಿ ಬೆಳೆಯುತ್ತದೆ. ಅದನ್ನು ಎರಡಡಿಯ ತೊಟ್ಟಿಯಲ್ಲಿಟ್ಟರೆ ಅದೃಷ್ಟ ಯಾರಿಗೆ ಎಂದು ಕೇಳಬೇಕಾಗುತ್ತದೆ.

ನಿಮ್ಮ ನಲ್ಲಿಯ ನೀರು ಎಂಥದು?

ಕೋಲಾರ, ಚಿಕ್ಕಬಳ್ಳಾಪುರದಂಥ ಬಯಲುಸೀಮೆಯ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಕರಾವಳಿಯ ಮುರಕಲ್ಲಿನ ನೆಲದ ತೆರೆದ ಬಾವಿಗಳ ನೀರು ಮೆದು, ಬಹಳ ಕಡೆ ತುಸು ಆಮ್ಲೀಯ. ಪರೀಕ್ಷೆಗೆ ದುಬಾರಿ ಸಾಧನ ಬೇಡ. ಸಮಪ್ರಮಾಣದ ಮಳೆನೀರನ್ನೂ ಮನೆಯ ನೀರನ್ನೂ ಎರಡು ಪ್ರನಾಳಗಳಲ್ಲಿ ತೆಗೆದುಕೊಂಡು, ಸೋಪಿನ ದ್ರಾವಣವನ್ನು ಹನಿಹನಿಯಾಗಿ ಹಾಕಿ ಕುಲುಕಿ. ನಿಲ್ಲುವ ನೊರೆ ಬರಲು ಮನೆಯ ನೀರಿಗೆ ಹಲವು ಪಟ್ಟು ಹೆಚ್ಚು ಹನಿ ಬೇಕಾದರೆ ಅದು ಗಡಸು. ಡಿಟರ್ಜೆಂಟ್ ಬಳಸಬೇಡಿ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಪಿಎಚ್ ಅಳೆಯಲು ಶಾಲೆಯ ಸೂಚಕ ಕಾಗದ ಸಾಕು. ತೊಟ್ಟಿಗೆ ಹಾಕುವ ಕಲ್ಲು ಮರಳನ್ನೂ ಪರೀಕ್ಷಿಸಿ: ಒಂದೆರಡು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದಾಗ ನೊರೆಯೆದ್ದರೆ ಅದರಲ್ಲಿ ಕಾರ್ಬೊನೇಟ್ ಇದೆ, ಅದು ನೀರನ್ನು ನಿಧಾನವಾಗಿ ಗಡಸು ಮಾಡುತ್ತದೆ.

ಮೀನಿಗೆ ಇದೆಲ್ಲ ಏಕೆ ಮುಖ್ಯ? ಸಿಹಿನೀರಿನ ಮೀನಿನ ರಕ್ತದಲ್ಲಿ ಲವಣಾಂಶ ಸುತ್ತಲಿನ ನೀರಿಗಿಂತ ಬಹಳ ಹೆಚ್ಚು. ಹಾಗಾಗಿ ಅಭಿಸರಣೆಯಿಂದ ನೀರು ಕಿವಿರುಗಳ ಮೂಲಕ ಒಳಕ್ಕೆ ನುಗ್ಗುತ್ತಲೇ ಇರುತ್ತದೆ. ಮೀನು ತೆಳುವಾದ ಮೂತ್ರವನ್ನು ಧಾರಾಳವಾಗಿ ಹೊರಹಾಕುತ್ತ, ನೀರಿನಿಂದ ಲವಣಗಳನ್ನು ಕಿವಿರುಗಳ ಮೂಲಕ ಹೀರುತ್ತ ಈ ಸಮತೋಲನವನ್ನು ಕಾಯುತ್ತದೆ. ಯಾವ ನೀರಿನಲ್ಲಿ ಅದರ ವಂಶ ವಿಕಾಸವಾಯಿತೋ ಆ ನೀರಿಗೆ ಈ ಯಂತ್ರ ಹೊಂದಿಕೊಂಡಿರುತ್ತದೆ. ಗಪ್ಪಿ, ಪ್ಲಾಟಿ, ಮಾಲಿಗಳಿಗೆ ಗಡಸು, ತುಸು ಪ್ರತ್ಯಾಮ್ಲೀಯ ನೀರು ಒಗ್ಗುತ್ತದೆ. ಮಾಲಿ ಸವುಳು ನೀರಿನಲ್ಲೂ ಬದುಕಬಲ್ಲದು. ನಿಯಾನ್ ಟೆಟ್ರಾ ಅಮೆಜಾನ್ ಪ್ರದೇಶದ ಮೆದು, ಆಮ್ಲೀಯ ನೀರಿನದು. ಅಂಗಡಿಗಳಿಗೆ ಬರುವ ನಿಯಾನ್‌ಗಳು ಹೆಚ್ಚಾಗಿ ತೊಟ್ಟಿಗಳಲ್ಲೇ ಹುಟ್ಟಿ ಬೆಳೆದವು, ಆದ್ದರಿಂದ ಮಧ್ಯಮ ಗಡಸುತನವನ್ನು ತಡೆದುಕೊಳ್ಳುತ್ತವೆ. ಆದರೆ ಪಿಎಚ್ 8ರ ಕೊಳವೆಬಾವಿ ನೀರು ಅವಕ್ಕೆ ಹಿಂಸೆಯೇ. ಪಿಎಚ್ ಲಾಗರಿದಮ್ ಮಾನದಲ್ಲಿರುವುದನ್ನು ಮರೆಯಬಾರದು. 6ಕ್ಕೂ 8ಕ್ಕೂ ಎರಡೇ ಅಂಕದ ಅಂತರವೆಂದು ಕಂಡರೂ ಹೈಡ್ರೊಜನ್ ಅಯಾನುಗಳ ಸಾರತೆಯಲ್ಲಿ ಅದು ನೂರು ಪಟ್ಟು.

ನೀರನ್ನೇ ಬದಲಾಯಿಸುವ ಪುಡಿ, ದ್ರಾವಣಗಳೂ ಮಾರಾಟಕ್ಕಿವೆ. ಅವುಗಳ ಗೋಜಿಗೆ ಹೋಗದಿರುವುದು ಒಳ್ಳೆಯದು. ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಇರುವುದರಿಂದ ಆಮ್ಲ ಹಾಕಿ ಇಳಿಸಿದ ಪಿಎಚ್ ಒಂದೆರಡು ದಿನದಲ್ಲಿ ಮತ್ತೆ ಏರುತ್ತದೆ. ಮೀನಿಗೆ ಸ್ಥಿರವಾದ 7.8ಕ್ಕಿಂತ ದಿನಕ್ಕೊಮ್ಮೆ ಏರಿಳಿಯುವ ಪಿಎಚ್ ಹೆಚ್ಚು ಅಪಾಯ. ನೀರಿಗೆ ತಕ್ಕ ಮೀನನ್ನು ತರುವುದು ಅಗ್ಗ, ಸುಲಭ. ನಗರಗಳ ಕೊಳಾಯಿ ನೀರಿನಲ್ಲಿ ಕ್ಲೋರೀನ್ ಇರುತ್ತದೆ. ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟರೆ ಬಹುಪಾಲು ಹೊರಟುಹೋಗುತ್ತದೆ.

ಕಣ್ಣಿಗೆ ಕಾಣದ ವಿಷ

ಮೊದಲ ಮೂರು ವಾರಗಳ ಸಾವಿಗೆ ಅತಿ ಸಾಮಾನ್ಯ ಕಾರಣ ಅಮೋನಿಯ. ಮೀನು ಪ್ರೋಟೀನಿನ ಕಶ್ಮಲವನ್ನು ಮುಖ್ಯವಾಗಿ ಅಮೋನಿಯ ರೂಪದಲ್ಲಿ ಕಿವಿರಿನಿಂದಲೇ ಹೊರಬಿಡುತ್ತದೆ. ಉಳಿದ ತಿಂಡಿ ಕೊಳೆತಾಗಲೂ ಅದೇ ಹುಟ್ಟುತ್ತದೆ. ನೀರಿನಲ್ಲಿ ಇದು ಎರಡು ರೂಪಗಳಲ್ಲಿರುತ್ತದೆ: ಅಷ್ಟೇನೂ ಅಪಾಯವಿಲ್ಲದ ಅಮೋನಿಯಂ ಅಯಾನು, ಮತ್ತು ಕಿವಿರನ್ನು ಸುಲಭವಾಗಿ ದಾಟಿ ಒಳಹೊಗುವ ಅಮೋನಿಯ ಅಣು. ಎರಡರ ಅನುಪಾತವನ್ನು ನಿರ್ಧರಿಸುವುದು ಪಿಎಚ್. 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದಾಗ ಒಟ್ಟಿನಲ್ಲಿ ಶೇಕಡಾ 0.6ರಷ್ಟು ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8ರಲ್ಲಿ ಶೇಕಡಾ 5ಕ್ಕಿಂತ ಹೆಚ್ಚು, 8.5ರಲ್ಲಿ ಶೇಕಡಾ 15. ಅಂದರೆ ಅಷ್ಟೇ ಮೀನು, ಅಷ್ಟೇ ತಿಂಡಿ, ಅಷ್ಟೇ ಕೊಳೆ ಇದ್ದರೂ ಬಯಲುಸೀಮೆಯ ಗಡಸು ನೀರಿನ ತೊಟ್ಟಿಯಲ್ಲಿ ವಿಷ ಹತ್ತಾರು ಪಟ್ಟು ಹೆಚ್ಚು. ಲೀಟರಿಗೆ ಒಂದು ಮಿಲಿಗ್ರಾಂನ ಹತ್ತನೆಯ ಒಂದು ಭಾಗದಷ್ಟು ಅಮೋನಿಯ ಅಣು ಇದ್ದರೂ ಕಿವಿರುಗಳಿಗೆ ಹಾನಿಯಾಗುತ್ತದೆ.

ಇದರಿಂದ ಕಾಪಾಡುವುದು ಬ್ಯಾಕ್ಟೀರಿಯಗಳು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯವು ನೈಟ್ರೈಟನ್ನು ಬಹಳ ಕಡಿಮೆ ಅಪಾಯದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಎರಡನೆಯ ಹಂತವನ್ನು ನಡೆಸುವುದು ನೈಟ್ರೊಬ್ಯಾಕ್ಟರ್ ಎಂದು ನಮ್ಮ ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮುಖ್ಯವಾಗಿ ನೈಟ್ರೊಸ್ಪೈರಾದ್ದು ಎಂಬುದು 1998ರಲ್ಲಿ ತಿಳಿಯಿತು. 2015ರಲ್ಲಿ ಇನ್ನೂ ಸ್ವಾರಸ್ಯದ ಸಂಗತಿ ಹೊರಬಂತು. ಎರಡೂ ಹಂತಗಳನ್ನು ಒಂದೇ ಜೀವಕೋಶದಲ್ಲಿ ಮುಗಿಸುವ ನೈಟ್ರೊಸ್ಪೈರಾಗಳಿವೆ ಎಂದು ಎರಡು ತಂಡಗಳು ಪ್ರಕಟಿಸಿದವು. ಅವುಗಳಲ್ಲಿ ಒಂದು ತಂಡಕ್ಕೆ ಅದು ಸಿಕ್ಕಿದ್ದು ಮೀನು ಸಾಕಣೆಯ ನೀರು ಶೋಧಿಸುವ ಫಿಲ್ಟರಿನಲ್ಲಿ.

ಈ ಬ್ಯಾಕ್ಟೀರಿಯಗಳು ಮರಳು, ಫಿಲ್ಟರಿನ ಸ್ಪಂಜಿನ ಮೇಲೆ ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿಗೆ ಮೊದಲ ದಿನವೇ ಹತ್ತು ಮೀನು ಬಿಟ್ಟರೆ ಮೊದಲು ಅಮೋನಿಯ, ಅದರ ಬೆನ್ನಿಗೆ ನೈಟ್ರೈಟ್ ಏರುತ್ತದೆ. ನೈಟ್ರೈಟ್ ರಕ್ತದ ಹೀಮೊಗ್ಲೊಬಿನ್ನನ್ನು ಆಕ್ಸಿಜನ್ ಹೊರಲಾರದ ಮೆಟ್‌ಹೀಮೊಗ್ಲೊಬಿನ್ ಆಗಿಸುತ್ತದೆ. ನೀರಿನಲ್ಲಿ ಆಕ್ಸಿಜನ್ ಇದ್ದೂ ಮೀನು ಉಸಿರುಗಟ್ಟುತ್ತದೆ. ಆದ್ದರಿಂದ ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ತಿಂಡಿ ಹಾಕಿ ಒಂದು ತಿಂಗಳು ಬ್ಯಾಕ್ಟೀರಿಯ ಬೆಳೆಸಿ. ಸ್ನೇಹಿತರ ಹಳೆಯ ತೊಟ್ಟಿಯ ಸ್ಪಂಜಿನ ತುಂಡು ಸಿಕ್ಕರೆ ಕೆಲಸ ಬೇಗ ಆಗುತ್ತದೆ. ಫಿಲ್ಟರನ್ನು ನಲ್ಲಿಯ ಕೆಳಗಿಟ್ಟು ಉಜ್ಜಿ ತೊಳೆಯುವವರು ಕ್ಲೋರೀನಿನಿಂದ ಈ ಬ್ಯಾಕ್ಟೀರಿಯಗಳನ್ನೇ ಕೊಂದಿರುತ್ತಾರೆ. ಅದನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ನೈಟ್ರೇಟ್ ಹತೋಟಿಯಲ್ಲಿರುತ್ತದೆ.

ಮೆದು ನೀರಿನವರಿಗೆ ಬೇರೆ ತೊಡಕು. ಅಮೋನಿಯದ ಪರಿವರ್ತನೆಯಲ್ಲಿ ಆಮ್ಲ ಹುಟ್ಟುತ್ತದೆ. ಅದನ್ನು ಹೀರಲು ಬೈಕಾರ್ಬೊನೇಟ್ ಸಾಲದಿದ್ದರೆ ಪಿಎಚ್ ಕುಸಿದು ಬ್ಯಾಕ್ಟೀರಿಯಗಳ ಕೆಲಸವೇ ಮಂದವಾಗುತ್ತದೆ. ಫಿಲ್ಟರಿನ ಬಳಿ ಪುಟ್ಟ ಬಟ್ಟೆಚೀಲದಲ್ಲಿ ಒಂದು ಹಿಡಿ ಚಿಪ್ಪಿನ ಚೂರು ಇಟ್ಟರೆ ಸಾಕು. ಆಮ್ಲ ಹೆಚ್ಚಿದಂತೆ ಅದು ತಾನಾಗಿ ಕರಗುತ್ತದೆ.

ತಾಪದ ಮಾತು ಚಿಕ್ಕದು. 45 ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 190 ಕಿಲೋಜೌಲ್ ಬೇಕು. 100 ವಾಟಿನ ಹೀಟರ್ ನಷ್ಟವಿಲ್ಲದೆ ದುಡಿದರೂ ಅರ್ಧ ಗಂಟೆ. ಅಷ್ಟೇ ನಿಧಾನವಾಗಿ ತಣಿಯುವುದರಿಂದ ದೊಡ್ಡ ತೊಟ್ಟಿ ಸ್ಥಿರ, ಪುಟ್ಟ ಬೋಗುಣಿ ಕೋಣೆಯ ಗಾಳಿಯೊಂದಿಗೆ ಏರಿಳಿಯುತ್ತದೆ. ಗೋಲ್ಡ್‌ಫಿಶ್‌ಗೆ 18ರಿಂದ 22 ಡಿಗ್ರಿ ಹಿತ. ನಿಯಾನ್, ಫೈಟರ್, ಗಪ್ಪಿಗಳಿಗೆ 24ರಿಂದ 26. ಗೋಲ್ಡ್‌ಫಿಶ್ ಒಳ್ಳೆಯ ಆರೈಕೆಯಲ್ಲಿ ಗೇಣುದ್ದ ಬೆಳೆಯುತ್ತದೆ, ಕೊಳೆಯೂ ಹೆಚ್ಚು. ಸಣ್ಣ ಉಷ್ಣವಲಯದ ಮೀನುಗಳ ಸಮುದಾಯಕ್ಕೆ ಅದನ್ನು ಸೇರಿಸದಿರುವುದೇ ಲೇಸು.

ಬಾಯಿ, ಬಾಲ, ಗುಂಪು

ಈಗ ಸ್ವಭಾವಕ್ಕೆ ಬರೋಣ. ಮೊದಲ ನಿಯಮ ಸರಳ: ಬಾಯಿಗೆ ಹಿಡಿಸುವುದು ಆಹಾರ. ಏಂಜೆಲ್ ಮೀನು ಚಿಕ್ಕದಿದ್ದಾಗ ನಿಯಾನ್‌ಗಳ ನಡುವೆ ಸಾಧುವಾಗಿ ಈಜುತ್ತದೆ. ಬೆಳೆದು ಅಂಗೈ ಅಗಲವಾದ ಮೇಲೆ ಬೆಳಗಾಗುವಷ್ಟರಲ್ಲಿ ನಿಯಾನ್ ಒಂದೊಂದಾಗಿ ಮಾಯ. ಇದಕ್ಕೆ ವಿರುದ್ಧ ಉದಾಹರಣೆಯೂ ಇದೆ. ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳ ಕುಬ್ಜ ಪಫರ್ ಮೀನು ಮೂರು ಸೆಂ.ಮೀ. ಆಸುಪಾಸಿನದು, ನೋಡಲು ಮುದ್ದು. ಆದರೆ ತನಗಿಂತ ದೊಡ್ಡ ಮೀನುಗಳ ರೆಕ್ಕೆಗಳನ್ನೂ ಕಚ್ಚಿ ಹರಿಯುತ್ತದೆ. ಗಾತ್ರ ಚಿಕ್ಕದು ಎಂದ ಮಾತ್ರಕ್ಕೆ ಸಮುದಾಯಕ್ಕೆ ಯೋಗ್ಯ ಎನ್ನುವಂತಿಲ್ಲ.

ಎರಡನೆಯದು ಬಾಲ. ಗಂಡು ಫೈಟರ್ ತನ್ನ ಪ್ರಭೇದದ ಇನ್ನೊಂದು ಗಂಡನ್ನು ಸಹಿಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಬಣ್ಣದ ಬಾಲ ಬೀಸುವ ಗಂಡು ಗಪ್ಪಿಯನ್ನೂ ಅದು ಎದುರಾಳಿಯಂತೆ ಕಂಡು ಮೇಲೆರಗಬಹುದು. ಟೈಗರ್ ಬಾರ್ಬ್‌ಗಳಂತೂ ಉದ್ದ ರೆಕ್ಕೆ ಕಂಡರೆ ಬಿಡುವುದಿಲ್ಲ. ಎಂಟು ಹತ್ತರ ಗುಂಪಿನಲ್ಲಿದ್ದರೆ ಪರಸ್ಪರರನ್ನು ಅಟ್ಟಾಡಿಸುವುದರಲ್ಲೇ ಬಹುಪಾಲು ಮಗ್ನವಾಗಿರುತ್ತವೆ. ಎರಡೇ ಇದ್ದರೆ ಆ ಉತ್ಸಾಹವೆಲ್ಲ ನೆರೆಯವರ ಬಾಲದ ಮೇಲೆ.

ಇದು ಮೂರನೆಯ ಸಂಗತಿಗೆ ತರುತ್ತದೆ. ಟೆಟ್ರಾ, ಬಾರ್ಬ್, ಡೇನಿಯೊಗಳು ಗುಂಪಿನ ಜೀವಿಗಳು. ಪಾರ್ಶ್ವರೇಖೆಯಿಂದ ನೀರಿನ ಕಂಪನವನ್ನು, ಕಣ್ಣಿನಿಂದ ನೆರೆಯವರ ಚಲನೆಯನ್ನು ಅರಿಯುತ್ತ ಅವು ಒಟ್ಟಾಗಿರುತ್ತವೆ. ಬಗೆಬಗೆಯ ಮೀನು ಇರಲೆಂದು ಆರು ಪ್ರಭೇದಗಳ ಎರಡೆರಡು ತರುವುದು ನಮ್ಮಲ್ಲಿ ಸಾಮಾನ್ಯ ರೂಢಿ. ಎರಡು ಪ್ರಭೇದಗಳ ಆರಾರು ತಂದರೆ ಮೀನುಗಳ ಸಂಖ್ಯೆ ಅಷ್ಟೇ ಇರುತ್ತದೆ, ನೋಡಲು ಸಿಗುವ ವರ್ತನೆ ಮಾತ್ರ ಬೇರೆ. ಮೂಲೆಯಲ್ಲಿ ಅಡಗಿ ಕೂತ ನಿಯಾನ್ ಗುಂಪು ದೊಡ್ಡದಾದಾಗ ತೆರೆದ ನೀರಿಗೆ ಬರುತ್ತದೆ. ಅದರ ನೀಲಿ ಪಟ್ಟೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ಭೌತವಿಜ್ಞಾನಕ್ಕೆ ಅನ್ಯಾಯವಾಗುತ್ತದೆ. ಆ ನೀಲಿ ವರ್ಣದ್ರವ್ಯದ್ದಲ್ಲ. ಚರ್ಮದ ಕೋಶಗಳಲ್ಲಿ ಗ್ವಾನಿನ್ ಹರಳುಗಳ ತೆಳು ಪದರಗಳು ಒಂದರ ಮೇಲೊಂದು ಜೋಡಿಸಿಕೊಂಡಿವೆ. ಅವುಗಳಿಂದ ಪ್ರತಿಫಲಿಸಿದ ಬೆಳಕಿನ ವ್ಯತಿಕರಣದಿಂದ ಬಣ್ಣ ಹುಟ್ಟುತ್ತದೆ. ಪದರಗಳ ಓರೆ ಬದಲಾದಂತೆ ಬಣ್ಣವೂ ಸರಿಯುತ್ತದೆ. ಹಗಲಿನ ನೀಲಿಹಸಿರು ಕತ್ತಲಲ್ಲಿ ಕಡುನೀಲಿಯಾಗುತ್ತದೆ. ರಾತ್ರಿ ದೀಪ ಹಾಕಿದೊಡನೆ ನೋಡಿದರೆ ಈ ಬದಲಾವಣೆಯನ್ನು ನೀವೇ ಕಾಣಬಹುದು.

ತೊಟ್ಟಿಯ ಎತ್ತರವನ್ನು ಹಂಚುವುದಕ್ಕೆ ಮೀನಿನ ಬಾಯಿಯನ್ನು ನೋಡಿ. ಬಾಯಿ ಮೇಲ್ಮುಖವಾಗಿದ್ದರೆ ಅದು ಮೇಲ್ಮೈಯಲ್ಲಿ ತಿನ್ನುವ ಮೀನು, ಗಪ್ಪಿಯಂತೆ. ಮೂತಿಯ ತುದಿಯಲ್ಲಿದ್ದರೆ ನಡುನೀರಿನದು. ಕೆಳಮುಖವಾಗಿ, ಮೀಸೆಯೂ ಇದ್ದರೆ ತಳದ್ದು, ಕೋರಿಡೋರಾಸ್‌ನಂತೆ. ಮೂರು ಅಂತಸ್ತಿಗೂ ನಿವಾಸಿಗಳಿದ್ದರೆ ಪೈಪೋಟಿ ಕಡಿಮೆ. ಆದರೆ ತಳದ ಮೀನುಗಳು ಇತರರು ಬಿಟ್ಟದ್ದನ್ನು ತಿಂದು ಬದುಕುತ್ತವೆ ಎಂದು ನಂಬಿ ಕೂರಬಾರದು. ಅವಕ್ಕೆ ಮುಳುಗುವ ತಿಂಡಿಯನ್ನು ಪ್ರತ್ಯೇಕವಾಗಿ ಹಾಕಬೇಕು.

ಎರಡು ನೀರು, ಎರಡು ಪಟ್ಟಿ

ನಿಮ್ಮ ನೀರು ಗಡಸಾಗಿದ್ದು ಪಿಎಚ್ 7.5ರಿಂದ 8 ಇದ್ದರೆ, ಆರು ಜೀಬ್ರಾ ಮೀನು, ಐದು ಗಂಡು ಪ್ಲಾಟಿ. ಎರಡು ಮೂರು ತಿಂಗಳು ಎಲ್ಲವೂ ನೆಟ್ಟಗಿದ್ದರೆ ನಾಲ್ಕೈದು ಕಂಚುಬಣ್ಣದ ಕೋರಿಡೋರಾಸ್. ಗಪ್ಪಿಯನ್ನೇಕೆ ಹೇಳಲಿಲ್ಲ? ಜೀಬ್ರಾ ಮೀನು ಚುರುಕು, ಆಗಾಗ ಉದ್ದ ಬಾಲವನ್ನು ಕಚ್ಚುತ್ತದೆ. ಗಪ್ಪಿ ಬೇಕೆಂದರೆ ಜೀಬ್ರಾ ಬಿಟ್ಟು ಎಂಟು ಗಂಡು ಗಪ್ಪಿಗಳನ್ನು ಇಟ್ಟುಕೊಳ್ಳಿ. ಗಂಡು ಎಂದು ಒತ್ತಿ ಹೇಳಲು ಕಾರಣವಿದೆ. ಹೆಣ್ಣು ಗಪ್ಪಿ ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ, ಒಮ್ಮೆ ಪಡೆದ ವೀರ್ಯಾಣುಗಳನ್ನು ತಿಂಗಳುಗಟ್ಟಲೆ ಕಾದಿಡುತ್ತದೆ. ಆರು ತಿಂಗಳಲ್ಲಿ ಮೇಲಿನ ಲೆಕ್ಕಾಚಾರವೆಲ್ಲ ತಲೆಕೆಳಗು.

ನೀರು ಮೆದುವಾಗಿದ್ದು ಪಿಎಚ್ 6.5ರಿಂದ 7 ಇದ್ದರೆ, ಎಂಟರಿಂದ ಹತ್ತು ನಿಯಾನ್ ಟೆಟ್ರಾ, ಒಂದು ಜೋಡಿ ಜೇನು ಗೌರಾಮಿ, ಐದು ಕೋರಿಡೋರಾಸ್. ಗೌರಾಮಿಗೆ ಕಿವಿರಿನ ಮೇಲೆ ಚಕ್ರವ್ಯೂಹದಂಥ ಉಸಿರಾಟದ ಅಂಗವೊಂದಿದ್ದು, ಅದು ಮೇಲೆ ಬಂದು ನೇರವಾಗಿ ಗಾಳಿಯನ್ನೂ ಸೇವಿಸುತ್ತದೆ. ಫೈಟರ್‌ಗೂ ಇದೇ ಅಂಗವಿದೆ. ಅದರಿಂದಲೇ ಅಂಗಡಿಯವರು ಅದನ್ನು ಪುಟ್ಟ ಲೋಟದಲ್ಲಿ ಇಡಲು ಸಾಧ್ಯವಾಗುವುದು. ಉಸಿರಾಟಕ್ಕೆ ಲೋಟ ಸಾಕಾದರೂ ಅಮೋನಿಯಕ್ಕೆ ಸಾಲದು. ಫೈಟರ್ ಬೇಕೆನ್ನುವವರು ಅದೊಂದಕ್ಕೇ ಇಪ್ಪತ್ತು ಲೀಟರಿನ ತೊಟ್ಟಿ ಕೊಡಲಿ.

ಎಲ್ಲವನ್ನೂ ಒಂದೇ ದಿನ ತರಬೇಡಿ. ಮೊದಲು ಗಟ್ಟಿ ಮೀನು, ಅಂದರೆ ಜೀಬ್ರಾ ಅಥವಾ ಪ್ಲಾಟಿ. ಎರಡು ಮೂರು ವಾರ ಬಿಟ್ಟು ಮುಂದಿನ ಗುಂಪು. ನಿಯಾನ್ ತೊಟ್ಟಿ ಹಳೆಯದಾದ ಮೇಲೆ. ತಂದ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು ತಾಪ ಸಮವಾಗಲು ಬಿಡಿ. ಆಮೇಲೆ ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಚೀಲಕ್ಕೆ ಬೆರೆಸಿ. ಕೊನೆಗೆ ಮೀನನ್ನು ಬಲೆಯಲ್ಲಿ ಎತ್ತಿ ಬಿಟ್ಟು ಚೀಲದ ನೀರನ್ನು ಚೆಲ್ಲಿ.

ಜೀಬ್ರಾ, ಜೇನು ಗೌರಾಮಿ ಎರಡೂ ನಮ್ಮ ಉಪಖಂಡದವೇ. ಎರಡನ್ನೂ 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥದಲ್ಲಿ ವೈಜ್ಞಾನಿಕವಾಗಿ ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಬುಕಾನನ್ ಎಂಬ ಹೆಸರಿನಲ್ಲಿ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿ ಬರೆದಿಟ್ಟ ಅದೇ ಬುಕಾನನ್. ಜೀಬ್ರಾ ಮೀನಿನ ಭ್ರೂಣ ಪಾರದರ್ಶಕ, ಮೊಟ್ಟೆಯೊಡೆಯುವುದು ಎರಡು ಮೂರು ದಿನಗಳಲ್ಲಿ. ಹಾಗಾಗಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಅದನ್ನು ತಳಿವಿಜ್ಞಾನದ ಪ್ರಯೋಗಕ್ಕೆ ಆರಿಸಿಕೊಂಡರು. 2013ರಲ್ಲಿ ಅದರ ಪೂರ್ಣ ಜೀನೋಮ್ ಪ್ರಕಟವಾಯಿತು. ಶಾಲೆಯ ತೊಟ್ಟಿಗೆ ಇದಕ್ಕಿಂತ ಒಳ್ಳೆಯ ಮೀನು ನನಗೆ ತೋಚದು. ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಭ್ರೂಣದ ಹೃದಯ ಬಡಿಯುವುದನ್ನು ಮಕ್ಕಳಿಗೆ ತೋರಿಸಬಹುದು. ಮೊಟ್ಟೆಗಳನ್ನು ತಾಯಿತಂದೆಯರೇ ತಿನ್ನುವುದರಿಂದ ತಳದಲ್ಲಿ ಗೋಲಿಗಳನ್ನು ಹರಡಿ. ಮೊಟ್ಟೆಗಳು ಸಂದುಗಳಿಗೆ ಇಳಿದು ಉಳಿಯುತ್ತವೆ.

ದೇಶೀ ಮೀನು ಎಂದೊಡನೆ ಹೊಳೆಯಿಂದ ಹಿಡಿದು ತರಬೇಕೆಂದಲ್ಲ. ಕೆಂಪು ಗೆರೆಯ ಡೆನಿಸನ್ ಬಾರ್ಬ್ ಪಶ್ಚಿಮಘಟ್ಟದ ಹೊಳೆಗಳಲ್ಲಿ ಮಾತ್ರ ಇರುವ ಮೀನು. ಅಕ್ವೇರಿಯಂ ವ್ಯಾಪಾರಕ್ಕಾಗಿ ಮಿತಿಮೀರಿ ಹಿಡಿದದ್ದೂ ಸೇರಿ, ಅದು ಅಪಾಯಕ್ಕೊಳಗಾದ ಪ್ರಭೇದಗಳ ಜಾಗತಿಕ ಪಟ್ಟಿ ಸೇರಿದೆ. ಹೇಗಿದ್ದರೂ ನಾಲ್ಕು ಅಂಗುಲ ಮೀರಿ ಬೆಳೆದು ವೇಗವಾಗಿ ಈಜುವ ಅದಕ್ಕೆ ಎರಡಡಿ ಸಾಲದು.

ಇದಕ್ಕಿಂತ ದೊಡ್ಡ ಹಾನಿ ಎದುರು ದಿಕ್ಕಿನಿಂದ, ತೊಟ್ಟಿಯಿಂದ ಕೆರೆಗೆ ಆಗುತ್ತದೆ. ಒಂದಡಿ ಬೆಳೆದ ಸಕ್ಕರನ್ನು ಏನು ಮಾಡುವುದೆಂದು ತಿಳಿಯದೆ ಕರುಣೆಯಿಂದ ಹತ್ತಿರದ ಕೆರೆಗೆ ಬಿಟ್ಟವರ ಪುಣ್ಯದಿಂದ, ಭಾರತದ ಹಲವು ಕೆರೆ ನದಿಗಳಲ್ಲಿ ಈಗ ಅದು ನೆಲೆಯೂರಿದೆ. ದಂಡೆಯಲ್ಲಿ ಬಿಲ ತೋಡುತ್ತದೆ, ಬೆಸ್ತರ ಬಲೆ ಹರಿಯುತ್ತದೆ, ಮುಳ್ಳುಗವಚದ ಅದನ್ನು ಕೊಳ್ಳುವವರಿಲ್ಲ. ಗಪ್ಪಿಯನ್ನು ಮಲೇರಿಯ ಹರಡುವ ಸೊಳ್ಳೆಯ ಮರಿ ತಿನ್ನಲೆಂದು ಕರ್ನಾಟಕದ ಹಳ್ಳಿಗಳ ಬಾವಿಗಳಿಗೆ ಆರೋಗ್ಯ ಕಾರ್ಯಕ್ರಮದಡಿ ಬಿಟ್ಟದ್ದುಂಟು. ಮುಚ್ಚಿದ ಬಾವಿಯ ಮಾತು ಬೇರೆ, ಹರಿಯುವ ಹಳ್ಳದ ಮಾತು ಬೇರೆ. ತೊಟ್ಟಿಯಲ್ಲಿ ಮೀನು ಹೆಚ್ಚಾದರೆ ಕೊಂಡ ಅಂಗಡಿಗೇ ಮರಳಿಸಿ, ಅಥವಾ ತೊಟ್ಟಿ ಇರುವ ಇನ್ನೊಂದು ಶಾಲೆಗೆ ಕೊಡಿ. ಸಕ್ಕರ್ ಇಲ್ಲದೆ ಗಾಜಿನ ಪಾಚಿಗೆ ಏನು ಮಾಡುವುದು ಎಂದರೆ, ದೀಪ ಉರಿಸುವ ಅವಧಿಯನ್ನು ದಿನಕ್ಕೆ ಎಂಟು ಗಂಟೆಗೆ ಇಳಿಸಿ, ನೇರ ಬಿಸಿಲು ಬೀಳದಂತೆ ತೊಟ್ಟಿಯನ್ನು ಸರಿಸಿ, ಉಳಿದದ್ದನ್ನು ಸೋಪು ಸೋಕದ ಸ್ಪಂಜಿನಿಂದ ಒರೆಸಿ. ವಾರಕ್ಕೆ ಐದು ನಿಮಿಷದ ಕೆಲಸ.